ಸಾರ್ವಜನಿಕ ಸಂಪರ್ಕ ಎಂದರೆ ಸುಳ್ಳಿಗೆ ಬಣ್ಣ ಬಳಿಯುವುದೇ?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ಸಾರ್ವಜನಿಕ ಸಂಪರ್ಕ ಮತ್ತು ಕಾರ್ಪೊರೇಟ್ ಸಂವಹನದ ಒಂದು ಪೇಪರ್ ಇದೆ. ವ್ಯಾಖ್ಯೆಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಆದರೆ ಈ ಕೆಲಸದಲ್ಲಿರುವವರು ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ ಎಂಬುದೇ ಗೊತ್ತಾಗಿಲ್ಲ. ವರದಿಗಾರನಾಗಿರುವ ನನ್ನ ಅಣ್ಣ ‘ಅದು ಕಂಪನಿಗಳ ಸುಳ್ಳಿಗೆ ಬಣ್ಣ ಬಳಿಯುವ ಕೆಲಸ’ ಅನ್ನುತ್ತಾನೆ. ಹೌದೇ? ಜಾಹೀರಾತಿಗೂ ಇದಕ್ಕೂ ಏನು ವ್ಯತ್ಯಾಸ? ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಲ್ಲಿ ಜಾಗ ಇದೆಯೇ?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸುಲಭದ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಜಾಹೀರಾತು ದುಡ್ಡು ಕೊಟ್ಟು ಕೊಂಡ ಜಾಗ. ಅಲ್ಲಿ ಏನು ಬರಬೇಕು, ಎಷ್ಟು ದೊಡ್ಡದಾಗಿ ಬರಬೇಕು, ಯಾವ ಪುಟದಲ್ಲಿ ಬರಬೇಕು ಎಂದು ತೀರ್ಮಾನಿಸುವವರು ಬಿಲ್ ಕಟ್ಟುವವರು. ಸಾರ್ವಜನಿಕ ಸಂಪರ್ಕದವರಿಗೆ ಆ ಹಕ್ಕು ಇಲ್ಲ. ಅವರು ಕಳಿಸಿದ ಪ್ರೆಸ್ ನೋಟನ್ನು ಸುದ್ದಿಮನೆಯವರು ಹಾಕಬಹುದು, ನಾಲ್ಕು ಸಾಲಿಗೆ ಇಳಿಸಬಹುದು, ಬುಟ್ಟಿಗೆ ಎಸೆಯಬಹುದು. ಅದರಲ್ಲಿದ್ದ ಒಂದು ಅಂಕಿ ಹಿಡಿದುಕೊಂಡು ಕಂಪನಿಗೇ ಮುಜುಗರವಾಗುವಂಥ ವರದಿಯನ್ನೂ ಬರೆಯಬಹುದು. ಓದುಗರು ಜಾಹೀರಾತನ್ನು ಜಾಹೀರಾತು ಎಂದು ತಿಳಿದೇ ಓದುತ್ತಾರೆ, ಸುದ್ದಿಯನ್ನು ಪತ್ರಿಕೆಯ ಮೇಲಿನ ನಂಬಿಕೆಯಿಂದ ಓದುತ್ತಾರೆ. ಆ ನಂಬಿಕೆಯ ಬೆನ್ನೇರಿ ಕಂಪನಿಯ ಮಾತು ಮನೆಯೊಳಗೆ ಬರುತ್ತದಲ್ಲ, ಈ ಕೆಲಸದ ಮೇಲೆ ಗುಮಾನಿ ಹುಟ್ಟಿದ್ದೇ ಅಲ್ಲಿಂದ. ಕಾರ್ಪೊರೇಟ್ ಸಂವಹನ ಎನ್ನುವುದು ಇದನ್ನೇ ಒಳಗೊಂಡ ದೊಡ್ಡ ವಿಭಾಗ. ಪತ್ರಕರ್ತರ ಜೊತೆಗೆ ನೌಕರರು, ಷೇರುದಾರರು, ಸರ್ಕಾರ, ಕಾರ್ಖಾನೆಯ ಸುತ್ತಲಿನ ಊರಿನವರು, ಇವರೆಲ್ಲರ ಜೊತೆ ಸಂಸ್ಥೆ ಆಡುವ ಮಾತಿಗೂ ಅದೇ ಜವಾಬ್ದಾರಿ.

ಇನ್ನು ನಿಮ್ಮ ಅಣ್ಣನ ಮಾತು. ದಿನಾ ಇಂಥ ಹೇಳಿಕೆಗಳನ್ನು ಓದುವ ವರದಿಗಾರರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಈ ವೃತ್ತಿಯಲ್ಲಿರುವವರು ಗೊತ್ತಿದ್ದೂ ಸುಳ್ಳು ಹೇಳುವುದು ಜನ ಅಂದುಕೊಂಡಷ್ಟು ಇಲ್ಲ. ಒಮ್ಮೆ ಸಿಕ್ಕಿಬಿದ್ದರೆ ಆಮೇಲೆ ಯಾವ ವರದಿಗಾರರೂ ಅವರ ಫೋನ್ ಎತ್ತುವುದಿಲ್ಲ, ಅನ್ನಕ್ಕೇ ಕಲ್ಲು. ಹೆಚ್ಚಾಗಿ ನಡೆಯುವ ತಪ್ಪು ಇನ್ನೊಂದು ಬಗೆಯದು. ಮೇಲಿನವರು ಹೇಳಿದ್ದನ್ನು ನಿಜವೋ ಸುಳ್ಳೋ ಎಂದು ವಿಚಾರಿಸದೆ, ಒಳ್ಳೆಯ ಭಾಷೆಯಲ್ಲಿ ಬರೆದು ಹೊರಗೆ ದಾಟಿಸಿಬಿಡುವುದು. ನಿಮ್ಮ ಪಠ್ಯದ ಮೊದಲ ಅಧ್ಯಾಯದಲ್ಲಿ ಬರುವ ಐವಿ ಲೀ ಅವರ ಜೀವನದಲ್ಲೇ ಇದರ ಎರಡೂ ಮುಖಗಳು ಸಿಗುತ್ತವೆ. ಪಠ್ಯಗಳು ಸಾಮಾನ್ಯವಾಗಿ ಒಂದು ಮುಖವನ್ನು ತೋರಿಸಿ ಮುಂದೆ ಹೋಗುತ್ತವೆ.

ಲೀ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ವರದಿಗಾರರಾಗಿದ್ದು, ಆಮೇಲೆ ಕಂಪನಿಗಳಿಗೆ ಪ್ರಚಾರದ ಸಲಹೆ ಕೊಡುವ ಕೆಲಸಕ್ಕೆ ಬಂದವರು. 1906ರ ಅಕ್ಟೋಬರ್ 28ರಂದು ಅಟ್ಲಾಂಟಿಕ್ ಸಿಟಿಯ ಬಳಿ ಪೆನ್ಸಿಲ್ವೇನಿಯಾ ರೈಲ್ವೆಯ ವಿದ್ಯುತ್ ರೈಲೊಂದು ಸೇತುವೆಯಿಂದ ನೀರಿಗೆ ಬಿತ್ತು. 50ಕ್ಕೂ ಹೆಚ್ಚು ಜನ ಸತ್ತರು. ಆ ಕಾಲದ ರೈಲ್ವೆ ಕಂಪನಿಗಳು ಅಪಘಾತವಾದರೆ ಬಾಯಿ ಬಿಡುತ್ತಿರಲಿಲ್ಲ, ಪತ್ರಕರ್ತರನ್ನು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಲೀ ಕಂಪನಿಗೆ ಉಲ್ಟಾ ಸಲಹೆ ಕೊಟ್ಟರು. ಏನಾಗಿದೆಯೋ ಅದನ್ನು ನೀವೇ ಬರೆದು ಕೊಡಿ, ವರದಿಗಾರರನ್ನು ನಿಮ್ಮ ರೈಲಿನಲ್ಲೇ ಸ್ಥಳಕ್ಕೆ ಕರೆದುಕೊಂಡು ಹೋಗಿ ಎಂದರು. ಆಗ ಹೊರಟ ಹೇಳಿಕೆಯನ್ನು ಜಗತ್ತಿನ ಮೊದಲ ಪತ್ರಿಕಾ ಪ್ರಕಟಣೆ ಎಂದು ಅನೇಕರು ಕರೆಯುತ್ತಾರೆ. ನ್ಯೂಯಾರ್ಕ್ ಟೈಮ್ಸ್ ಅದನ್ನು ಹಾಗೆಯೇ ಅಚ್ಚು ಹಾಕಿತು. ಅದೇ ವರ್ಷ ಲೀ ಸಂಪಾದಕರಿಗೆಲ್ಲ ಒಂದು ತತ್ವ ಪ್ರಕಟಣೆ ಕಳಿಸಿದ್ದರು. ನಮ್ಮದು ಮುಚ್ಚುಮರೆಯ ಕೆಲಸವಲ್ಲ, ಜಾಹೀರಾತಿನ ಏಜೆನ್ಸಿಯೂ ಅಲ್ಲ, ನಾವು ಕೊಡುವ ಮಾಹಿತಿ ನಿಖರವಾಗಿರುತ್ತದೆ, ಪರಿಶೀಲಿಸಬೇಕೆಂದರೆ ನಾವೇ ನೆರವಾಗುತ್ತೇವೆ ಎಂಬುದು ಅದರ ಸಾರಾಂಶ. ಪರೀಕ್ಷೆಗೆ ಇಷ್ಟು ಸಾಕು.

ಎಂಟು ವರ್ಷದ ನಂತರದ ಕಥೆ ಇನ್ನೊಂದು. ಕೊಲೊರಾಡೊದಲ್ಲಿ ರಾಕ್‌ಫೆಲ್ಲರ್ ಕುಟುಂಬದ ಹಿಡಿತದಲ್ಲಿದ್ದ ಕಲ್ಲಿದ್ದಲು ಕಂಪನಿಯ ಕಾರ್ಮಿಕರು ಮುಷ್ಕರ ಹೂಡಿ, ಕಂಪನಿಯ ಮನೆಗಳಿಂದ ಹೊರಬಿದ್ದು ಲಡ್ಲೋ ಎಂಬಲ್ಲಿ ಡೇರೆ ಹಾಕಿಕೊಂಡಿದ್ದರು. 1914ರ ಏಪ್ರಿಲ್ 20ರಂದು ಸಶಸ್ತ್ರ ಪಡೆಗಳು ಆ ಬಿಡಾರದ ಮೇಲೆ ಬಿದ್ದವು. ಡೇರೆಯ ಕೆಳಗಿನ ಗುಂಡಿಯಲ್ಲಿ ಅಡಗಿದ್ದ ಇಬ್ಬರು ಹೆಂಗಸರು, ಹನ್ನೊಂದು ಮಕ್ಕಳು ಪ್ರಾಣಬಿಟ್ಟರು. ದೇಶವೇ ಸಿಟ್ಟಾಯಿತು. ರಾಕ್‌ಫೆಲ್ಲರ್ ಜೂನಿಯರ್ ಆಗ ಲೀ ಅವರನ್ನು ಕರೆಸಿಕೊಂಡರು. ಲೀ ಕಂಪನಿಯ ಪರವಾಗಿ ಕರಪತ್ರಗಳ ಸರಣಿ ಹೊರಡಿಸಿ ಗಣ್ಯರಿಗೆ, ಸಂಪಾದಕರಿಗೆ ಕಳಿಸಿದರು. ಅದರಲ್ಲಿ ಕಾರ್ಮಿಕ ಮುಖಂಡರೊಬ್ಬರ ಸಂಬಳದ ಲೆಕ್ಕ ಇತ್ತು. ವರ್ಷದ್ದನ್ನು ಕೆಲವೇ ವಾರಗಳದ್ದು ಎಂಬಂತೆ ಹಿಗ್ಗಿಸಿದ ಲೆಕ್ಕ. ಸರ್ಕಾರಿ ವಿಚಾರಣಾ ಆಯೋಗದ ಮುಂದೆ ನಿಂತಾಗ, ಕಂಪನಿಯವರು ಕೊಟ್ಟ ಮಾಹಿತಿ ನಿಜವೇ ಎಂದು ತಿಳಿಯಲು ತಾನು ಯಾವ ಪ್ರಯತ್ನವನ್ನೂ ಮಾಡಿರಲಿಲ್ಲ ಎಂದು ಲೀ ಒಪ್ಪಿಕೊಳ್ಳಬೇಕಾಯಿತು. ಲೇಖಕ ಅಪ್ಟನ್ ಸಿಂಕ್ಲೇರ್, ಲೀ ಅವರ ಹೆಸರಿಗೆ ‘ವಿಷ’ ಸೇರಿಸಿ ಪಾಯ್ಸನ್ ಐವಿ ಎಂದು ಕರೆದರು. ಅದು ಕೊನೆವರೆಗೂ ಅಂಟಿಕೊಂಡಿತು. ಪರಿಶೀಲಿಸಿಕೊಳ್ಳಿ ಎಂದು ಜಗತ್ತಿಗೆ ಕರೆ ಕೊಟ್ಟಿದ್ದ ಮನುಷ್ಯ ತಾನೇ ಪರಿಶೀಲಿಸಿರಲಿಲ್ಲ. ಈ ಎರಡು ಘಟನೆಗಳ ನಡುವೆ ಲೀ ಅವರ ಜಾಣತನ ಕಡಿಮೆಯಾಗಿರಲಿಲ್ಲ. ಮೊದಲನೆಯದರಲ್ಲಿ ಸ್ಥಳವನ್ನು ತೋರಿಸಿದರು, ಎರಡನೆಯದರಲ್ಲಿ ಸ್ಥಳದಿಂದ ಬಂದ ಕಾಗದವನ್ನು ನಂಬಿದರು.

ಅಮೆರಿಕದ ಹಳೇ ಕಥೆ ನಮಗೇಕೆ ಅನ್ನಿಸಿದರೆ ಕೋಲಾರದ ನರಸಾಪುರಕ್ಕೆ ಬನ್ನಿ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಆ್ಯಪಲ್‌ಗಾಗಿ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12, ಶನಿವಾರ ಬೆಳಗಿನ ಜಾವ ಪಾಳಿ ಮುಗಿಸಿದ ಕಾರ್ಮಿಕರು ಸಂಬಳದ ವಿಷಯಕ್ಕೆ ಸಿಡಿದೆದ್ದರು. ಗಾಜು ಒಡೆಯಿತು, ವಾಹನಗಳು ಉರುಳಿದವು, ಕಚೇರಿ ಧ್ವಂಸವಾಯಿತು. ಪೊಲೀಸರು ನೂರಕ್ಕೂ ಹೆಚ್ಚು ಜನರನ್ನು ಹಿಡಿದರು. ಆಗ ಕಂಪನಿ ಸುದ್ದಿಸಂಸ್ಥೆಯೊಂದಕ್ಕೆ ಕೊಟ್ಟ ಮೊದಲ ಹೇಳಿಕೆಯನ್ನು ನೀವು ಹುಡುಕಿ ಓದಬೇಕು. ಹೊರಗಿನಿಂದ ನುಗ್ಗಿದ, ಗುರುತು ಗೊತ್ತಿಲ್ಲದ ವ್ಯಕ್ತಿಗಳು ಈ ಕೃತ್ಯ ಎಸಗಿದ್ದಾರೆ, ಅವರ ಉದ್ದೇಶ ಸ್ಪಷ್ಟವಿಲ್ಲ ಎಂಬ ಅರ್ಥದ ಮಾತು ಅದು. ನಷ್ಟದ ಅಂಕಿಯೂ ಹಾಗೇ ಹಾರಾಡಿತು. ಪೊಲೀಸರಿಗೆ ಕೊಟ್ಟ ದೂರಿನಲ್ಲಿ 437 ಕೋಟಿ ರೂಪಾಯಿ, ತೈವಾನಿನ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಿದ್ದು ಸುಮಾರು 25ರಿಂದ 50 ಕೋಟಿ ರೂಪಾಯಿಯ ಲೆಕ್ಕ. ಒಂದೇ ಕಂಪನಿ, ಒಂದೇ ವಾರ, ಎರಡು ಬಾಯಿ.

ಇತ್ತ ರಾಜ್ಯದ ಕಾರ್ಖಾನೆಗಳ ಇಲಾಖೆಯವರು ಹೋಗಿ ನೋಡಿದರು. ಕಡಿಮೆ ಅವಧಿಯಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು, ಬಹುಪಾಲು ಗುತ್ತಿಗೆಯವರು. ಅಷ್ಟು ಜನರನ್ನು ನೋಡಿಕೊಳ್ಳುವ ಮಾನವ ಸಂಪನ್ಮೂಲ ವಿಭಾಗ ಸರಿಯಾಗಿ ಇರಲಿಲ್ಲ. ಅಕ್ಟೋಬರಿನಲ್ಲಿ ತಂದ ಹೊಸ ಹಾಜರಾತಿ ವ್ಯವಸ್ಥೆಯಲ್ಲಿ ದೋಷವಿತ್ತು, ಎರಡು ತಿಂಗಳಾದರೂ ಅದನ್ನು ಸರಿಪಡಿಸಿರಲಿಲ್ಲ. ಡಿಸೆಂಬರ್ 19ರಂದು ಕಂಪನಿಯ ಧಾಟಿ ಬದಲಾಯಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿರಲಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಅದೇ ದಿನ ಆ್ಯಪಲ್ ಕೂಡ, ಅಕ್ಟೋಬರ್ ಮತ್ತು ನವೆಂಬರಿನ ಸಂಬಳ ಕೆಲವರಿಗೆ ತಡವಾಗಿದ್ದನ್ನು ಹೇಳಿ, ಎಲ್ಲ ಸರಿಯಾಗುವವರೆಗೆ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದಿಲ್ಲ ಎಂದು ಪ್ರಕಟಿಸಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಎಲೆಕ್ಟ್ರಾನಿಕ್ಸ್ ಪಾಲಾಯಿತು.

ಈಗ ಆ ಮೊದಲ ಹೇಳಿಕೆಯನ್ನೂ 19ರದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದನ್ನು ಬರೆದವರು ಯಾರೋ ನನಗೆ ಗೊತ್ತಿಲ್ಲ, ಬೇಕೆಂದೇ ಸುಳ್ಳು ಬರೆದರು ಎನ್ನಲು ಆಧಾರವೂ ಇಲ್ಲ. ಆದರೆ ಅದನ್ನು ಕಳಿಸುವ ಮೊದಲು ಅವರು ಗೇಟಿನ ಹತ್ತಿರ ನಿಂತಿದ್ದ ಹತ್ತು ಹುಡುಗರನ್ನು ಮಾತನಾಡಿಸಿದ್ದರೆ ಆ ವಾಕ್ಯ ಹೊರಗೆ ಹೋಗುತ್ತಿರಲಿಲ್ಲ. ಇನ್ನೂ ಹಿಂದಕ್ಕೆ ಹೋಗಿ. ಹಾಜರಾತಿ ಯಂತ್ರ ತಪ್ಪು ತೋರಿಸುತ್ತಿದೆ, ಸಂಬಳ ಕಡಿಮೆ ಬಂದಿದೆ ಎಂದು ನವೆಂಬರಿನಲ್ಲಿ ಕ್ಯಾಂಟೀನಿನಲ್ಲಿ ಆಡುತ್ತಿದ್ದ ಮಾತು ವ್ಯವಸ್ಥಾಪಕರ ಮೇಜಿಗೆ ತಲುಪಿದ್ದರೆ ಹೇಳಿಕೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವೇನೋ. ಆ ಮಾತನ್ನು ಮೇಲಕ್ಕೆ ತಲುಪಿಸುವ ಕೆಲಸಕ್ಕೆ ನಿಮ್ಮ ಪಠ್ಯದಲ್ಲಿ ‘ಆಂತರಿಕ ಸಂವಹನ’ ಎಂದು ಹೆಸರಿದೆ. ಬಹಳ ಕಡೆ ಅದನ್ನು ಹುಟ್ಟುಹಬ್ಬದ ಕೇಕು, ಆಯುಧಪೂಜೆಯ ಫೋಟೊ, ಒಳಪತ್ರಿಕೆಯಲ್ಲಿ ಎಂಡಿ ಸಂದೇಶ, ಇಷ್ಟಕ್ಕೇ ಮುಗಿಸಿಬಿಡುತ್ತಾರೆ.

ಹಾಗೆಂದು ಸತ್ಯ ಕೈಯಲ್ಲಿದ್ದರೆ ಎಲ್ಲ ಸಲೀಸು ಎಂದೂ ತಿಳಿಯಬೇಡಿ. 2015ರ ಮ್ಯಾಗಿ ಪ್ರಕರಣ ಗೊತ್ತಲ್ಲ? ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ತೆಗೆದ ಸ್ಯಾಂಪಲ್ ಕೋಲ್ಕತ್ತದ ಲ್ಯಾಬಿಗೆ ಹೋಗಿ, ಅನುಮತಿಸಿದ ಮಿತಿ 2.5 ಪಿಪಿಎಂ ಇರುವಲ್ಲಿ 17.2 ಪಿಪಿಎಂ ಸೀಸ ಇದೆ ಎಂಬ ವರದಿ ಬಂತು. ರುಚಿ ಹೆಚ್ಚಿಸುವ ‘ಎಂಎಸ್‌ಜಿ’ ಸೇರಿಸಿಲ್ಲ ಎಂಬ ಲೇಬಲ್ಲಿನ ಬಗ್ಗೆಯೂ ತಕರಾರೆದ್ದಿತು. ಮ್ಯಾಗಿ ತಯಾರಿಸುವ ನೆಸ್ಲೆ ಇಂಡಿಯಾ ತನ್ನ ಪರೀಕ್ಷೆಗಳಲ್ಲಿ ಎಲ್ಲವೂ ಸರಿ ಇದೆ ಎಂದು ಹೇಳುತ್ತಲೇ ಇತ್ತು, ಆದರೆ ಚಿಕ್ಕ ಚಿಕ್ಕ, ತಾಂತ್ರಿಕ ಹೇಳಿಕೆಗಳಲ್ಲಿ. ಟಿವಿಯಲ್ಲಿ ಸಂಜೆಯಿಡೀ ಚರ್ಚೆ ನಡೆಯುವಾಗ ಕಂಪನಿಯ ಮುಖವೇ ಕಾಣುತ್ತಿರಲಿಲ್ಲ. ಜಾಗತಿಕ ಮುಖ್ಯಸ್ಥ ಪೌಲ್ ಬುಲ್ಕೆ ದೆಹಲಿಗೆ ಬಂದು ಪತ್ರಿಕಾಗೋಷ್ಠಿ ನಡೆಸಿದ್ದು ಜೂನ್ 5ರಂದು. ಅದೇ ದಿನ ಆಹಾರ ಸುರಕ್ಷತಾ ಪ್ರಾಧಿಕಾರದ ನಿಷೇಧವೂ ಬಂತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ತಳ್ಳಿಹಾಕಿ ಮೂರು ಲ್ಯಾಬುಗಳಲ್ಲಿ ಮರುಪರೀಕ್ಷೆ ಮಾಡಿಸಲು ಹೇಳಿತು, ಮೂರರಲ್ಲೂ ಪಾಸಾಯಿತು. ನಮ್ಮ ನಂಜನಗೂಡಿನ ಕಾರ್ಖಾನೆಯಲ್ಲಿ ಅಕ್ಟೋಬರಿನಲ್ಲಿ ಮತ್ತೆ ಉತ್ಪಾದನೆ ಶುರುವಾಯಿತು, ನವೆಂಬರಿನಲ್ಲಿ ಮ್ಯಾಗಿ ಅಂಗಡಿಗೆ ವಾಪಸಾಯಿತು. ಅಷ್ಟರಲ್ಲಿ ಸಾವಿರಾರು ಟನ್ ನೂಡಲ್ಸ್ ಸುಟ್ಟು ಹೋಗಿತ್ತು, ಜೂನ್ ತ್ರೈಮಾಸಿಕದಲ್ಲಿ ಕಂಪನಿಗೆ 64 ಕೋಟಿ ರೂಪಾಯಿ ನಷ್ಟ ಆಗಿತ್ತು, ಭಾರತದ ಮುಖ್ಯಸ್ಥರೂ ಬದಲಾಗಿದ್ದರು.

ನನ್ನ ದೃಷ್ಟಿಯಲ್ಲಿ ಇಲ್ಲಿ ಆದದ್ದು ಇಷ್ಟು. ಮಗುವಿಗೆ ನಿನ್ನೆ ತಿನ್ನಿಸಿದ್ದು ಸರಿಯೋ ತಪ್ಪೋ ಎಂದು ತಾಯಿ ಕೇಳುತ್ತಿದ್ದಳು, ಕಂಪನಿ ಪಿಪಿಎಂ ಲೆಕ್ಕ ಒಪ್ಪಿಸುತ್ತಿತ್ತು. ಜನ ಏನು ಕೇಳುತ್ತಿದ್ದಾರೆ ಎಂದು ಒಳಗಿನವರಿಗೆ ತಿಳಿಸುವವರು ಬೇಕಿತ್ತು. ಮರಳಿ ಬರುವ ಹೊತ್ತಿಗೆ ಅದು ಅವರಿಗೂ ಅರ್ಥವಾಗಿತ್ತು ಅನ್ನಿಸುತ್ತದೆ. ಮ್ಯಾಗಿ ಇಲ್ಲದೆ ಪರದಾಡುವ ಒಂಟಿ ಹುಡುಗರನ್ನು ತೋರಿಸಿದ ಆ ಪುಟ್ಟ ಜಾಹೀರಾತುಗಳಲ್ಲಿ ಸೀಸದ ಮಾತೇ ಇರಲಿಲ್ಲ.

ದಿನಚರಿ ಕೇಳಿದ್ದೀರಿ. ಕಂಪನಿಯಾಗಲಿ, ಕಂಪನಿಗಳಿಗೆ ಕೆಲಸ ಮಾಡಿಕೊಡುವ ಏಜೆನ್ಸಿಯಾಗಲಿ, ಬೆಳಿಗ್ಗೆ ಶುರುವಾಗುವುದು ಕ್ಲಿಪ್ಪಿಂಗ್‌ನಿಂದ. ತಮ್ಮ ಸಂಸ್ಥೆ, ಎದುರಾಳಿ ಸಂಸ್ಥೆ, ಆ ಉದ್ಯಮ, ಸರ್ಕಾರದ ಆದೇಶ, ಇವುಗಳ ಬಗ್ಗೆ ಎಲ್ಲೆಲ್ಲಿ ಏನೇನು ಬಂದಿದೆ ಎಂದು ಹೆಕ್ಕಿ ಒಂಬತ್ತು ಗಂಟೆಯೊಳಗೆ ಮೇಲಿನವರಿಗೆ ಕಳಿಸಬೇಕು. ಹೊಸದಾಗಿ ಸೇರಿದವರಿಗೆ ಬೀಳುವ ಕೆಲಸ ಇದೇ, ಬೇಜಾರಿನದ್ದೂ ಹೌದು. ಆದರೆ ವರ್ಷವಿಡೀ ಇದನ್ನು ಮನಸ್ಸಿಟ್ಟು ಮಾಡಿದವರಿಗೆ ಯಾವ ವರದಿಗಾರರು ಯಾವ ವಿಷಯ ಬರೆಯುತ್ತಾರೆ, ಯಾರಿಗೆ ಎಂಥ ಅಂಕಿ ಬೇಕು ಎಂಬುದು ಕರತಲಾಮಲಕವಾಗುತ್ತದೆ. ಆಮೇಲೆ ಫೋನು. ವರದಿಗಾರರೊಬ್ಬರು ಸಂಜೆ ಐದಕ್ಕೆ ಪ್ರತಿಕ್ರಿಯೆ ಕೇಳುತ್ತಾರೆ, ಅವರ ಡೆಡ್‌ಲೈನ್ ಏಳಕ್ಕೆ. ನಿಮ್ಮ ಕಾನೂನು ವಿಭಾಗದವರು ‘ಏನೂ ಹೇಳಬೇಡಿ’ ಎನ್ನುತ್ತಾರೆ, ಕಾರ್ಖಾನೆಯ ಮ್ಯಾನೇಜರ್ ಫೋನ್ ತೆಗೆಯುವುದಿಲ್ಲ, ಎಂಡಿ ವಿಮಾನದಲ್ಲಿದ್ದಾರೆ. ಆ ಎರಡು ಗಂಟೆಯೊಳಗೆ ಕಂಪನಿಯ ನಾಲ್ಕು ಜನರಿಂದ ಮಾಹಿತಿ ಕಿತ್ತು, ನಿಜವಾದ ಮೂರು ಸಾಲು ಬರೆದು, ಎಲ್ಲರ ಒಪ್ಪಿಗೆ ಪಡೆದು ಕಳಿಸುವುದೇ ಈ ಕೆಲಸದ ಮುಕ್ಕಾಲು ಪಾಲು. ಹೊರಗಿನವರಿಗೆ ಕಾಣುವ ಪತ್ರಿಕಾಗೋಷ್ಠಿ, ಬೊಕೆ, ಉಪ್ಪಿಟ್ಟು ಕಾಫಿ ಎಲ್ಲ ಮಿಕ್ಕ ಕಾಲು.

ಪ್ರೆಸ್ ನೋಟ್ ಬರೆಯುವುದನ್ನು ಹತ್ತಿರದಿಂದ ನೋಡೋಣ. ಹಾಸನದ ಹತ್ತಿರ ಒಂದು ಸಿದ್ಧ ಉಡುಪು ಘಟಕ ತೆರೆಯುತ್ತಿದೆ ಎಂದಿಟ್ಟುಕೊಳ್ಳಿ. ಸುದ್ದಿಮನೆಗೆ ಬರುವ ನೋಟು ಹೆಚ್ಚಾಗಿ ಹೀಗಿರುತ್ತದೆ: “ಉದ್ಯಮದಲ್ಲಿ ಮುಂಚೂಣಿಯಲ್ಲಿರುವ, ನಾವೀನ್ಯತೆ ಹಾಗೂ ಗುಣಮಟ್ಟಕ್ಕೆ ಬದ್ಧವಾಗಿರುವ ನಮ್ಮ ಸಂಸ್ಥೆಯು ತನ್ನ ಅತ್ಯಾಧುನಿಕ ಘಟಕದ ಉದ್ಘಾಟನೆಯನ್ನು ಘೋಷಿಸಲು ಹೆಮ್ಮೆಪಡುತ್ತದೆ.” ಡೆಸ್ಕಿನಲ್ಲಿ ಕೂತವರು ಇದರಲ್ಲಿ ಊರಿನ ಹೆಸರು ಹುಡುಕುತ್ತಾರೆ, ಸಿಗುವುದಿಲ್ಲ. ಬರೆಯಬೇಕಾದ್ದು ಹೀಗೆ: “ಹಾಸನ ಹೊರವಲಯದ ಕೈಗಾರಿಕಾ ಪ್ರದೇಶದಲ್ಲಿ ಸಿದ್ಧ ಉಡುಪು ಘಟಕವೊಂದು ಸೋಮವಾರ ಕೆಲಸ ಆರಂಭಿಸಲಿದೆ. ಮೊದಲ ಹಂತದಲ್ಲಿ 400 ಜನರಿಗೆ ಕೆಲಸ ಸಿಗಲಿದ್ದು, ಹೊಲಿಗೆ ಬಲ್ಲ ಸ್ಥಳೀಯ ಮಹಿಳೆಯರಿಗೆ ಆದ್ಯತೆ. ಅರ್ಜಿಯನ್ನು ಘಟಕದ ಗೇಟಿನಲ್ಲೇ ಕೊಡಬಹುದು.”

ಎರಡನೆಯದನ್ನು ಬರೆಯುವುದಕ್ಕೆ ಒಳ್ಳೆಯ ಕನ್ನಡ ಸಾಕು ಅನ್ನಿಸಬಹುದು. ಸಾಲದು. ಆ 400 ಎಲ್ಲಿಂದ ಬಂತು ಎಂದು ನೀವು ಹೋಗಿ ಕೇಳಬೇಕು. ಈ ತಿಂಗಳೇ 400 ಜನರೋ, ಮೂರು ವರ್ಷದಲ್ಲೋ? ಕಾಯಂ ನೌಕರಿಯೋ, ಗುತ್ತಿಗೆಯೋ? ಬಸ್ ವ್ಯವಸ್ಥೆ ಉಂಟೋ? ಬಣ್ಣದ ನೀರು ಎಲ್ಲಿಗೆ ಹೋಗುತ್ತದೆ? ಜಿಲ್ಲಾ ವರದಿಗಾರರು ಕೇಳುವ ಪ್ರಶ್ನೆಗಳು ಇವೇ, ಅವನ್ನು ನೀವು ಒಳಗಿನವರಿಗೆ ಮೊದಲೇ ಕೇಳಿ ಬೈಸಿಕೊಂಡಿರಬೇಕು. ಇನ್ನು ಸಣ್ಣಪುಟ್ಟ ಸಂಗತಿಗಳು: ನೋಟನ್ನು ಪಿಡಿಎಫ್ ಮಾಡಿ ಕಳಿಸಬೇಡಿ, ಡೆಸ್ಕಿನವರು ಮತ್ತೆ ಟೈಪ್ ಮಾಡಬೇಕಾಗುತ್ತದೆ. ಯೂನಿಕೋಡಿನಲ್ಲಿ ಕಳಿಸಿ, ಆ ಪತ್ರಿಕೆಯಲ್ಲಿ ಇನ್ನೂ ನುಡಿ ತಂತ್ರಾಂಶ ಬಳಸುತ್ತಾರಾದರೆ ಅದರಲ್ಲೂ ಒಂದು ಪ್ರತಿ ಇರಲಿ. ಫೋಟೊದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಬರೆಯಿರಿ. ಜಿಲ್ಲಾ ಆವೃತ್ತಿಯ ಪುಟ ಬೆಂಗಳೂರಿನದಕ್ಕಿಂತ ಬೇಗ ಮುಗಿಯುತ್ತದೆ, ಮಧ್ಯಾಹ್ನವೇ ತಲುಪಿಸಿ. ಕಳಿಸಿದ ಮೇಲೆ ‘ಸರ್, ಹಾಕ್ತೀರಾ?’ ಎಂದು ಹತ್ತು ಸಲ ಫೋನ್ ಮಾಡಬೇಡಿ.

ಷೇರುಪೇಟೆಯಲ್ಲಿರುವ ಕಂಪನಿಯಾದರೆ ಹೇಳುವುದೂ ಬಿಡುವುದೂ ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಆಡಳಿತ ಮಂಡಳಿ ಸಭೆಯ ಮುಖ್ಯ ನಿರ್ಧಾರಗಳನ್ನು ಸಾಮಾನ್ಯವಾಗಿ ಸಭೆ ಮುಗಿದ 30 ನಿಮಿಷದೊಳಗೆ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು ಎಂದು ಸೆಬಿ ನಿಯಮ ಇದೆ. ಪರಿಚಯದ ವರದಿಗಾರರಿಗೆ ಮೊದಲೇ ಕಿವಿಯಲ್ಲಿ ಹೇಳಿದರೆ ಅದು ಸ್ನೇಹವಲ್ಲ, ಅಪರಾಧ. 2024ರಿಂದ ಇನ್ನೊಂದು ಸೇರಿದೆ. ದೊಡ್ಡ ಕಂಪನಿಗಳ ಬಗ್ಗೆ ಷೇರು ಬೆಲೆ ಏರುಪೇರಾಗುವಂಥ ವದಂತಿ ಮಾಧ್ಯಮದಲ್ಲಿ ಬಂದರೆ, ಹೌದೋ ಅಲ್ಲವೋ ಎಂದು 24 ಗಂಟೆಯೊಳಗೆ ಸ್ಪಷ್ಟಪಡಿಸಬೇಕು. ಮೊದಲು ಅಗ್ರ 100 ಕಂಪನಿಗಳಿಗೆ, ಆ ವರ್ಷದ ಡಿಸೆಂಬರಿನಿಂದ ಅಗ್ರ 250ಕ್ಕೆ ಇದು ಅನ್ವಯವಾಯಿತು. ‘ವದಂತಿಗಳಿಗೆ ನಾವು ಪ್ರತಿಕ್ರಿಯಿಸುವುದಿಲ್ಲ’ ಎಂಬ ಹಳೇ ಸಿದ್ಧವಾಕ್ಯಕ್ಕೆ ಕಾನೂನೇ ಕತ್ತರಿ ಹಾಕಿತು. ಇದು ನನಗೆ ಸಂತೋಷ ಕೊಟ್ಟ ಬದಲಾವಣೆ.

ನಿಮ್ಮ ಅಣ್ಣನ ಸಿಟ್ಟಿಗೆ ಪೂರ್ತಿ ಅರ್ಹವಾದ ಒಂದು ಭಾಗ ಈ ವೃತ್ತಿಯಲ್ಲಿದೆ, ಅದನ್ನು ಮುಚ್ಚಿಡಬಾರದು. ಮಾತನಾಡುತ್ತಿರುವವರು ಯಾರು ಎಂಬುದನ್ನೇ ಮರೆಮಾಚುವುದು. ಮನಶ್ಶಾಸ್ತ್ರಜ್ಞ ಫ್ರಾಯ್ಡ್ ಅವರ ಸಂಬಂಧಿ ಎಡ್ವರ್ಡ್ ಬರ್ನೇಸ್ 1929ರ ಈಸ್ಟರ್ ದಿನ ನ್ಯೂಯಾರ್ಕಿನ ಬೀದಿಯಲ್ಲಿ ಯುವತಿಯರ ಕೈಯಲ್ಲಿ ಸಿಗರೇಟು ಹಚ್ಚಿಸಿ, ಅದಕ್ಕೆ ಸ್ವಾತಂತ್ರ್ಯದ ಪಂಜು ಎಂಬ ಹೆಸರು ಅಂಟಿಸಿದರು. ಪತ್ರಿಕೆಗಳು ಅದನ್ನು ಸ್ತ್ರೀ ಸಮಾನತೆಯ ಸುದ್ದಿಯಾಗಿ ಬರೆದವು. ಹಿಂದೆ ಅಮೆರಿಕನ್ ಟೊಬ್ಯಾಕೊ ಕಂಪನಿಯ ದುಡ್ಡಿತ್ತು. ಅನೇಕ ಪಠ್ಯಗಳು ಇದನ್ನು ಜಾಣ ಪ್ರಚಾರ ಎಂದು ಮೆಚ್ಚಿ ಬರೆಯುತ್ತವೆ. ನನಗೆ ಮೆಚ್ಚಲು ಮನಸ್ಸಿಲ್ಲ. ಇಂದು ಇದರ ಸಂತತಿ ಇನ್‌ಸ್ಟಾಗ್ರಾಮಿನಲ್ಲಿದೆ. ದುಡ್ಡು ಪಡೆದು ಮಾಡಿದ ರೀಲ್ಸ್ ಆದರೆ ಹಾಗೆಂದು ಸ್ಪಷ್ಟವಾಗಿ ಹಾಕಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಮಾರ್ಗಸೂಚಿ ತಂದದ್ದು ಇದಕ್ಕಾಗಿಯೇ. ನಮ್ಮ ಪತ್ರಿಕಾರಂಗದ ‘ಕಾಸಿಗಾಗಿ ಸುದ್ದಿ’ಯೂ ಇದೇ ಜಾತಿಯದು. ಪತ್ರಿಕಾಗೋಷ್ಠಿ ಮುಗಿದ ಮೇಲೆ ಫೈಲಿನೊಳಗೆ ಇಡುವ ಕವರ್ ಬಗ್ಗೆ ನಿಮ್ಮ ಅಣ್ಣನಿಗೆ ಗೊತ್ತಿರುತ್ತದೆ, ಕೇಳಿ. ಕೊಡಲು ಹೇಳುವ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಬೇಡಿ.

ಫಲಿತಾಂಶ ಅಳೆಯುವ ವಿಷಯಕ್ಕೆ ಬಂದರೆ ಈ ವೃತ್ತಿಯಲ್ಲಿ ಒಂದು ತಮಾಷೆ ನಡೆದುಕೊಂಡು ಬಂದಿದೆ. ಸುದ್ದಿ ಬಂದ ಜಾಗವನ್ನು ಸ್ಕೇಲಿನಲ್ಲಿ ಅಳೆದು, ಕಾಲಂ ಸೆಂಟಿಮೀಟರಿಗೆ ಜಾಹೀರಾತಿನ ದರ ಗುಣಿಸಿ, ‘ಈ ತಿಂಗಳು ನಿಮಗೆ ಇಷ್ಟು ಲಕ್ಷದ ಪ್ರಚಾರ ಮಾಡಿಸಿದೆವು’ ಎಂದು ಗ್ರಾಹಕರಿಗೆ ಲೆಕ್ಕ ಒಪ್ಪಿಸುವುದು. ಕಂಪನಿಯನ್ನು ಬೈದ ಸುದ್ದಿಯೂ ಅದೇ ಲೆಕ್ಕಕ್ಕೆ ಸೇರಿಬಿಡಬಹುದು! 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ್ದ ಅಳತೆಗಾರರು ಇದು ಸಾರ್ವಜನಿಕ ಸಂಪರ್ಕದ ಮೌಲ್ಯವೇ ಅಲ್ಲ ಎಂದು ತೀರ್ಮಾನಿಸಿದರು. ಸ್ಕೇಲು ಇನ್ನೂ ಎಲ್ಲ ಮೇಜುಗಳಿಂದ ಹೋಗಿಲ್ಲ.

ಪರೀಕ್ಷೆಯ ದೃಷ್ಟಿಯಿಂದ ಬೇಕಾದ ಉಳಿದದ್ದು ಸ್ವಲ್ಪವೇ. ಭಾರತದ ಸಾರ್ವಜನಿಕ ಸಂಪರ್ಕ ಸಂಘ ಶುರುವಾದದ್ದು 1958ರಲ್ಲಿ, ಏಪ್ರಿಲ್ 21 ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನ. ಜೇಮ್ಸ್ ಗ್ರೂನಿಗ್ ಮತ್ತು ಟಾಡ್ ಹಂಟ್ 1984ರಲ್ಲಿ ಹೇಳಿದ ನಾಲ್ಕು ಮಾದರಿಗಳನ್ನು ಹೇಗೂ ಓದಿರುತ್ತೀರಿ. ನಾಲ್ಕನೆಯದರಲ್ಲಿ ಸಂಸ್ಥೆ ಜನರ ಮಾತು ಕೇಳಿ ತಾನೂ ಬದಲಾಗಬೇಕು. ಆ ಮಾದರಿಗೆ ಉದಾಹರಣೆ ಕೇಳಿದರೆ ಮ್ಯಾಗಿ ಬರೆಯಬೇಡಿ. 1982ರಲ್ಲಿ ಷಿಕಾಗೋ ಸುತ್ತಮುತ್ತ ಯಾರೋ ಸಯನೈಡ್ ಬೆರೆಸಿದ ಟೈಲೆನಾಲ್ ಎಂಬ ನೋವುನಿವಾರಕ ಕ್ಯಾಪ್ಸೂಲ್ ನುಂಗಿ ಏಳು ಜನ ಸತ್ತಾಗ, ಜಾನ್ಸನ್ ಆ್ಯಂಡ್ ಜಾನ್ಸನ್ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿ ವಾಪಸು ಪಡೆದು, ತೆರೆದರೆ ಗೊತ್ತಾಗುವಂಥ ಹೊಸ ಪ್ಯಾಕ್ ತಂದದ್ದನ್ನು ಬರೆಯಿರಿ. ಅಲ್ಲಿ ಹೇಳಿಕೆಯ ಜೊತೆಗೆ ಬಾಟಲಿಯೂ ಬದಲಾಯಿತು.

ಕೊನೆಯದಾಗಿ ಕನ್ನಡ ಮಾಧ್ಯಮದ ಪ್ರಶ್ನೆ. ಬೆಂಗಳೂರಿನ ದೊಡ್ಡ ಏಜೆನ್ಸಿಗಳಲ್ಲಿ ಗ್ರಾಹಕರ ಜೊತೆ ಮಾತು, ಇಮೇಲು, ವರದಿ ಎಲ್ಲ ಇಂಗ್ಲಿಷಿನಲ್ಲೇ. ಅದನ್ನು ಕಲಿಯದೆ ಅಲ್ಲಿ ಮೇಲೇರುವುದು ಕಷ್ಟ, ಸುಮ್ಮನೆ ಧೈರ್ಯ ತುಂಬಲು ನಾನು ಬೇರೆ ಹೇಳುವುದಿಲ್ಲ. ಎರಡು ವರ್ಷ ದಿನಾ ಒಂದು ಇಂಗ್ಲಿಷ್ ವಾಣಿಜ್ಯ ಪತ್ರಿಕೆ ಓದಿದರೆ, ದಿನಕ್ಕೊಂದು ಪುಟ ಬರೆದರೆ ಅದು ಬರುತ್ತದೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಬಾರದೇ ಇರುವುದು ಬೇರೆ ಇದೆ. ನರಸಾಪುರದಲ್ಲಿ ಗಲಾಟೆಯಾದ ಮೇಲೆ ಕಂಪನಿ ಪ್ರಕಟಿಸಿದ ಪರಿಹಾರಗಳಲ್ಲಿ ಒಂದು, ಕಾರ್ಮಿಕರು ಹೆಸರು ಹೇಳದೆ ದೂರು ಕೊಡಬಹುದಾದ 24 ಗಂಟೆಯ ಸಹಾಯವಾಣಿ. ಕನ್ನಡವೂ ಸೇರಿ ಐದು ಭಾಷೆಗಳಲ್ಲಿ. ಅಂಥ ಸಹಾಯವಾಣಿಯ ಆ ತುದಿಯಲ್ಲಿ ಮಾತು ಕೇಳಿ, ಅದರ ತಿರುಳನ್ನು ಎಂಡಿಗೆ ಅರ್ಥವಾಗುವ ಹಾಗೆ ಬರೆಯಬಲ್ಲವರು ಕೋಲಾರ, ದಾಬಸ್‌ಪೇಟೆ, ನಂಜನಗೂಡು, ಧಾರವಾಡದ ಕಾರ್ಖಾನೆಗಳಿಗೆಲ್ಲ ಬೇಕು. ಆಸ್ಪತ್ರೆ, ವಿಶ್ವವಿದ್ಯಾಲಯ, ಸಾರಿಗೆ ನಿಗಮ, ವಿದ್ಯುತ್ ಕಂಪನಿಗಳ ಸಾರ್ವಜನಿಕ ಸಂಪರ್ಕಾಧಿಕಾರಿಗಳ ಕೆಲಸ ಬಹುಪಾಲು ಕನ್ನಡದಲ್ಲೇ ನಡೆಯುತ್ತದೆ. ಸರ್ಕಾರದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಕಚೇರಿ ಪ್ರತಿ ಜಿಲ್ಲೆಯಲ್ಲಿದೆ, ನಿಮ್ಮ ಊರಲ್ಲೂ ಇದೆ.

ಇಂಟರ್ನ್‌ಶಿಪ್ಪಿಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮಹಾನಗರ ಪಾಲಿಕೆ, ಹಾಲು ಒಕ್ಕೂಟ, ಒಂದು ಸಹಕಾರಿ ಬ್ಯಾಂಕು, ಒಂದು ದೊಡ್ಡ ಆಸ್ಪತ್ರೆ, ಎಲ್ಲಿಯಾದರೂ ಆರು ವಾರ ಕೂತುಕೊಳ್ಳಿ. ಸೇರುವ ಮೊದಲು, ಕಳೆದ ವರ್ಷ ಬಂದ ದೂರುಗಳ ಫೈಲನ್ನು ಓದಲು ಬಿಡುತ್ತೀರಾ ಎಂದು ಕೇಳಿ. ಪೇಪರ್ ಕಟಿಂಗ್‌ಗಳ ಫೈಲನ್ನು ಎಲ್ಲರೂ ಖುಷಿಯಿಂದ ತೋರಿಸುತ್ತಾರೆ. ದೂರಿನ ಫೈಲು ಕೊಡಲು ಒಪ್ಪಿದ ಕಡೆ ಸೇರಿಕೊಂಡು, ಮೊದಲ ವಾರ ಏನೂ ಬರೆಯದೆ ಅದನ್ನೇ ಓದಿ.